ಹಳೇ ಶೈಲಿಯ 12 ಫಾಂಟುಗಳ ಕಟ್ಟು, ಮತ್ತು ಒಂದು ವಾಚ್ ರಿಪೇರಿ ಬೋರ್ಡು

ಮೊದಲೇ ಹೇಳಿಬಿಡುತ್ತೇನೆ. 12 ಫಾಂಟುಗಳಿರುವ ಈ ಕಟ್ಟಿನಲ್ಲಿ ನನ್ನ ಕೆಲಸಕ್ಕೆ ಒದಗಿದ್ದು 4. ಇನ್ನು 3 ನೋಡೋಕೆ ಚೆಂದ, ಬಳಸೋಕೆ ಕಷ್ಟ. ಉಳಿದ 5ನ್ನು ಯಾಕೆ ಸೇರಿಸಿದರೋ ಅವರಿಗೇ ಗೊತ್ತು, ಲೆಕ್ಕ ತುಂಬಿಸೋಕೆ ಇರಬೇಕು. ಆದರೂ ಆ 4ಕ್ಕಾಗಿ ಇನ್ನೊಮ್ಮೆ ಕೊಳ್ಳುತ್ತೀಯಾ ಅಂತ ಕೇಳಿದರೆ, ಹೂಂ, ಕೊಳ್ಳುತ್ತೇನೆ. ಸ್ವಲ್ಪ ಗೊಣಗಿಕೊಂಡು.

ಕೊಂಡಿದ್ದು ಆನ್‌ಲೈನಿನ ಒಂದು ಫಾಂಟ್ ಅಂಗಡಿಯಲ್ಲಿ. ಹೆಸರು ಬೇಡ. ಮುಂದೆ ಬೈಯುವುದಿದೆ, ಮತ್ತು ನಾನು ಬೈಯುವ ತಪ್ಪುಗಳು ಇಂಥ ಎಷ್ಟೋ ಕಟ್ಟುಗಳಲ್ಲಿ ಸಿಗುತ್ತವೆ, ಇವರೊಬ್ಬರನ್ನೇ ಹಿಡಿದು ಜಗ್ಗಿದರೆ ಏನು ಬಂತು. ಒಳಗೆ ಏನಿದೆ ಅಂದರೆ: ಭಾರೀ ದಪ್ಪ, ಭಾರೀ ತೆಳು ಗೆರೆಗಳ ಫ್ಯಾಟ್ ಫೇಸ್ ಎರಡು, ಕ್ಲಾರೆಂಡನ್ ಥರದ, ಗೆರೆಯ ತುದಿಗೆ ಗಟ್ಟಿ ಪಾದ ಇರುವ ಅಕ್ಷರ ಎರಡು, ಮರದ ಅಚ್ಚಿನ ಪೋಸ್ಟರ್ ಶೈಲಿಯವು ಮೂರು, ಒಂದರ ಮೇಲೊಂದು ಪೇರಿಸಿ ಬಣ್ಣ ಹಾಕುವ ಲೇಯರ್ ಫಾಂಟ್ ಒಂದು, ಬ್ರಶ್ಶಿನಲ್ಲಿ ಬರೆದಂತಿರುವ ಕೂಡಕ್ಷರ ಎರಡು, 1920ರ ದಶಕದ ಡೆಕೋ ಶೈಲಿಯದು ಒಂದು, ಕೊನೆಗೆ ಬಳ್ಳಿ, ಬಾಣ, ರಿಬ್ಬನ್ನು, ಗಡಿಯಾರ ಎಲ್ಲ ತುಂಬಿದ ಆಭರಣಗಳ ಫಾಂಟ್ ಒಂದು.

ಮಾರಾಟದ ಪುಟದ ಚಿತ್ರಗಳ ಬಗ್ಗೆ ಒಂದು ಮಾತು. ಅಲ್ಲಿ ಅಂಗೈಯಲ್ಲೇ ಅರಮನೆ ತೋರಿಸುತ್ತಾರೆ. ಕಂದು ಬಣ್ಣದ ಹಳೇ ಕಾಗದ, ಕಮಾನಿನಂತೆ ಬಾಗಿದ ಹೆಸರು, ಹಿಂದೆ ಸೂರ್ಯನ ಕಿರಣ, ಕೆಳಗೆ ರಿಬ್ಬನ್ನು, ಚಿನ್ನದ ಬಣ್ಣದ ನೆರಳು. ಕೊಂಡು, ಇನ್‌ಸ್ಟಾಲ್ ಮಾಡಿ, ನಿಮ್ಮ ಹೆಸರು ಟೈಪ್ ಮಾಡಿದಾಗ ಬರುವುದು ಬಿಳಿ ಹಾಳೆಯ ಮೇಲೆ ಸುಮ್ನೆ ನಿಂತ ಕರಿ ಅಕ್ಷರ. ಕಮಾನು ಫಾಂಟಿನಲ್ಲಿ ಇರುವುದಿಲ್ಲ, ಅದನ್ನು ಇಲಸ್ಟ್ರೇಟರ್, ಇಂಕ್‌ಸ್ಕೇಪಿನಂಥ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ನೀವೇ ಬಗ್ಗಿಸಬೇಕು. ಕಾಗದದ ಕಲೆ ಫಾಂಟಿನದಲ್ಲ. ಅಕ್ಷರಗಳ ನಡುವಿನ ಜಾಗವನ್ನು ಆ ಚಿತ್ರಕ್ಕಾಗಿ ಯಾರೋ ಕೂತು ಕೈಯಲ್ಲೇ ಸರಿಮಾಡಿರುತ್ತಾರೆ. ಹೀಗಾಗಿ ಚಿತ್ರ ನೋಡಿ ತೀರ್ಮಾನ ಮಾಡಬೇಡಿ, ಪುಟದಲ್ಲಿ ನಮ್ಮದೇ ಪದ ಟೈಪ್ ಮಾಡಿ ನೋಡುವ ಪೆಟ್ಟಿಗೆ ಇದ್ದರೆ ಅದರಲ್ಲಿ ನೋಡಿ. ನಾನು ನೋಡಲಿಲ್ಲ. ಕಿರಣಗಳಿಗೆ ಮರುಳಾದೆ.

ಕೆಲಸ ಏನಿತ್ತು ಅಂದರೆ, ಗೆಳೆಯನ ವಾಚ್ ರಿಪೇರಿ ಅಂಗಡಿಗೆ 6 ಅಡಿ ಅಗಲ, 2 ಅಡಿ ಎತ್ತರದ ಬೋರ್ಡು. ಮೇಲೆ ಇಂಗ್ಲಿಷಿನಲ್ಲಿ ‘ವಾಚ್ ರಿಪೇರ್’, ಕೆಳಗೆ ಕನ್ನಡದಲ್ಲಿ ಅದೇ, ಮೂಲೆಯಲ್ಲಿ ಫೋನ್ ನಂಬರು. ಗೆಳೆಯ ಮತ್ತು ಅವನ ಅಪ್ಪ ಇಬ್ಬರೂ ಕೂತು ಕೆಲಸ ಮಾಡುವ ಅಂಗಡಿ, ಹಳೇ ಕೀ ಕೊಡುವ ಗಡಿಯಾರಗಳೇ ಜಾಸ್ತಿ ಬರುತ್ತವೆ. ಹಾಗಾಗಿ ಹಳೇ ಶೈಲಿ ಒಪ್ಪುತ್ತದೆ ಅನ್ನಿಸಿತು. ಇಂಗ್ಲಿಷಿನ ಆ ಎರಡು ಪದಗಳು ಫಾಂಟ್ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನನಗೆ ತುಂಬ ಇಷ್ಟವಾಗಿದ್ದು ಫ್ಯಾಟ್ ಫೇಸ್. 1800ರ ನಂತರದ ಒಂದೆರಡು ದಶಕಗಳಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಕ್ಷರ ಇದು. ಪುಸ್ತಕದ ಅಕ್ಷರಗಳನ್ನೇ ತೆಗೆದುಕೊಂಡು, ದಪ್ಪ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿ, ತೆಳು ಗೆರೆಯನ್ನು ಕೂದಲೆಳೆಯಾಗಿ ಬಿಟ್ಟು, ಜಾಹೀರಾತಿನ ಹಾಳೆಗಳಿಗೆ ಅಂತಲೇ ಮಾಡಿದ್ದು. ಸ್ಕ್ರೀನಿನ ಮೇಲೆ ಅದರ ಠೀವಿ ಬೇರೆ ಯಾವುದಕ್ಕೂ ಇಲ್ಲ. ಟೈಪ್ ಮಾಡಿದ ಕೂಡಲೇ ಮುಗೀತು, ಇದೇ, ಅಂದುಕೊಂಡೆ.

ಆಮೇಲೆ ದೂರದ ಪರೀಕ್ಷೆ. ಬೋರ್ಡಿನ ಕೆಲಸದಲ್ಲಿ ಒಂದು ರೂಢಿಯ ಲೆಕ್ಕ ಇದೆ, 1 ಇಂಚು ಎತ್ತರದ ಅಕ್ಷರಕ್ಕೆ 10 ಅಡಿ ದೂರ. ನಮ್ಮ ಬೋರ್ಡಿನ ಅಕ್ಷರ 150 ಮಿಮೀ, ಅಂದರೆ ಹತ್ತಿರ ಹತ್ತಿರ 6 ಇಂಚು, 60 ಅಡಿಯಿಂದ ಆರಾಮಾಗಿ ಓದಬೇಕು. ಮನೆಯಲ್ಲೇ ನೋಡೋಕೆ ಸುಲಭದ ದಾರಿ: ಹತ್ತರಲ್ಲೊಂದು ಅಳತೆಗೆ, ಅಂದರೆ 15 ಮಿಮೀ ಎತ್ತರಕ್ಕೆ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ 6 ಅಡಿ ಹಿಂದೆ ನಿಲ್ಲುವುದು. ಕಣ್ಣಿಗೆ ಎರಡೂ ಒಂದೇ. ಅಂಟಿಸಿದೆ, ನಿಂತೆ, ಗೆಳೆಯನ ಅಪ್ಪನನ್ನೂ ಕರೆದು ನಿಲ್ಲಿಸಿದೆ.

ಅವರು ಕನ್ನಡಕ ಸರಿಮಾಡಿಕೊಂಡು ಒಂದು ಕ್ಷಣ ನೋಡಿ, ‘ಇದೇನಪ್ಪಾ, ಬೇಲಿ ವಾಲಿದ ಹಾಗಿದೆ’ ಅಂದರು.

ಸರಿಯಾಗೇ ಹೇಳಿದ್ದರು. ಇಂಗ್ಲಿಷಿನ ಡಬ್ಲ್ಯೂ ಅಕ್ಷರದಲ್ಲಿ ನಾಲ್ಕು ಓರೆ ಗೆರೆ, ಕೆಳಗಿಳಿಯುವ ಎರಡು ದಪ್ಪ, ಮೇಲೇರುವ ಎರಡು ಕೂದಲೆಳೆ. ದೂರದಿಂದ ಕೂದಲೆಳೆ ಮಾಯವಾದರೆ ಉಳಿಯುವುದು ಎಡಕ್ಕೆ ವಾಲಿದ ಎರಡು ಹಲಗೆ. ಪಕ್ಕದ ಎ ಅಕ್ಷರದಲ್ಲಿ ದಪ್ಪ ಇರುವುದು ಬಲಗಾಲು ಮಾತ್ರ, ಅದೂ ಅದೇ ಕಡೆಗೆ ವಾಲಿದ್ದು. ಒಟ್ಟು ಮೂರು ಹಲಗೆ, ಒಂದೇ ಕೋನ. ಕೊನೆಯ ಎಚ್ ಅಕ್ಷರದ ನಡುವಿನ ಅಡ್ಡಗೆರೆಯೂ ಕೂದಲೆಳೆಯೇ, ಅದು ಹೋದಮೇಲೆ ಉಳಿದಿದ್ದು ಎರಡು ಕಂಬ. ಬೇಲಿಯಲ್ಲದೆ ಇನ್ನೇನು! ಫೈಲ್ ತೆರೆದು ಅಳೆದೆ, 150 ಮಿಮೀ ಅಕ್ಷರದಲ್ಲಿ ಆ ತೆಳು ಗೆರೆ ಬರೀ 2 ಮಿಮೀ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಕೋನ ಸುಮಾರು ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ ಅಂತ ಲೆಕ್ಕ. 60 ಅಡಿ ದೂರದಲ್ಲಿ ಅದು 5 ಮಿಮೀ ಆಯಿತು. 2 ಎಲ್ಲಿ, 5 ಎಲ್ಲಿ. ಎಷ್ಟು ಒಳ್ಳೆ ವಿನೈಲ್ (ಅಕ್ಷರ ಕತ್ತರಿಸಿ ಬೋರ್ಡಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಹಾಕಿದರೂ ಇದು ಬದಲಾಗುವುದಿಲ್ಲ.

ಇದರಲ್ಲಿ ಫಾಂಟ್ ಮಾಡಿದವರ ತಪ್ಪಿಲ್ಲ ಅನ್ನಿ. ಆ ಅಕ್ಷರ ಹುಟ್ಟಿದ್ದೇ ಗೋಡೆಗಂಟಿಸಿದ ಹಾಳೆಯ ಎದುರು ನಿಂತು ಓದುವವರಿಗಾಗಿ. ಬೋರ್ಡನ್ನು ಯಾರೂ ನಿಂತು ಓದುವುದಿಲ್ಲ, ಹೋಗ್ತಾ ಹೋಗ್ತಾ ಒಂದು ಕಣ್ಣು ಹಾಯಿಸುತ್ತಾರೆ. ಹಳೇ ಶೈಲಿಯ ಫಾಂಟುಗಳ ಅರ್ಧ ತಾಪತ್ರಯ ಇಲ್ಲೇ ಇದೆ, ಪೋಸ್ಟರಿನ ಅಕ್ಷರ ತಂದು ಬೋರ್ಡಿನ ಕೆಲಸ ಮಾಡು ಅಂತೀವಿ. ಫ್ಯಾಟ್ ಫೇಸನ್ನು ನಾನು ಬಿಟ್ಟಿಲ್ಲ, ವಿಸಿಟಿಂಗ್ ಕಾರ್ಡಿಗೂ ಪ್ಯಾಕೆಟ್ಟಿನ ಮೇಲಿನ ಹೆಸರಿಗೂ ಇಟ್ಟುಕೊಂಡಿದ್ದೇನೆ. ಬೋರ್ಡಿಗೆ ಬೇಡ. ಅದರಲ್ಲೂ ಹಿಂದಿನಿಂದ ಬೆಳಕು ಬರುವ ಬೋರ್ಡಿಗೆ ಖಂಡಿತ ಬೇಡ, ಬೆಳಕು ಹರಡಿ ತೆಳು ಗೆರೆಯನ್ನೂ ಅಕ್ಷರದ ಒಳಗಿನ ಸಣ್ಣ ಸಂದುಗಳನ್ನೂ ನುಂಗಿಬಿಡುತ್ತದೆ.

ಅದೇ ಗೋಡೆ, ಅದೇ 6 ಅಡಿ, ಕ್ಲಾರೆಂಡನ್ ಥರದ್ದನ್ನು ಅಂಟಿಸಿದಾಗ ಅಪ್ಪ ಕನ್ನಡಕಕ್ಕೆ ಕೈ ಹಾಕಲೇ ಇಲ್ಲ, ಓದಿಬಿಟ್ಟರು. ದಪ್ಪ ಗೆರೆಗೂ ತೆಳು ಗೆರೆಗೂ ಅಂತರ ಕಮ್ಮಿ, ಪಾದಗಳು ಗಟ್ಟಿ, ಕಂಬದಿಂದ ಪಾದಕ್ಕೆ ಇಳಿಯುವಲ್ಲಿ ಒಂದು ಮೆತ್ತನೆಯ ತಿರುವು. ಮೂಲ ಕ್ಲಾರೆಂಡನ್ ಬಂದದ್ದು 1845ರಲ್ಲಿ, ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಿಂದ (ಫೌಂಡ್ರಿ ಅಂದರೆ ಅಚ್ಚಿನ ಅಕ್ಷರ ಎರಕ ಹೊಯ್ಯುವ ಕಾರ್ಖಾನೆ), ರಾಬರ್ಟ್ ಬೆಸ್ಲಿ ಕಾಲದಲ್ಲಿ. ಬೇರೆಯವರು ನಕಲು ಮಾಡಬಾರದು ಅಂತ ಅದನ್ನು ನೋಂದಾಯಿಸಿದ್ದರು, ಆ ರಕ್ಷಣೆ ಇದ್ದದ್ದು ಮೂರೇ ವರ್ಷ, ಮುಗಿದದ್ದೇ ತಡ ಬೇರೆ ಫೌಂಡ್ರಿಗಳು ತಮ್ಮ ತಮ್ಮ ಕ್ಲಾರೆಂಡನ್ ತಂದವು. ಹಾಗಾಗಿ ಈ ಕಟ್ಟಿನವರು ಇನ್ನೊಂದು ಮಾಡಿದ್ದಾರೆ ಅಂತ ಮೂಗು ಮುರಿಯುವಂತಿಲ್ಲ. ಮಾಡಿದ್ದನ್ನು ಅಚ್ಚುಕಟ್ಟಾಗಿಯೇ ಮಾಡಿದ್ದಾರೆ. ಆರ್ ಅಕ್ಷರದ ಕಾಲು ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಸುರುಳಿಯಾಗುತ್ತದೆ, ಅದೊಂದಕ್ಕೇ ಫಿದಾ ಆದೆ.

ಈಗ ಆ ಎರಡು ಪದಗಳ ವಿಷಯ. ಡಬ್ಲ್ಯೂ ಪಕ್ಕ ಎ, ಎ ಪಕ್ಕ ಟಿ, ಎರಡನೇ ಪದದಲ್ಲಿ ಪಿ ಪಕ್ಕ ಎ. ಮೂರೂ ಕರ್ನಿಂಗಿಗೆ ಕುಖ್ಯಾತ ಜೋಡಿಗಳು. ಕರ್ನಿಂಗ್ ಅಂದರೆ ಗೊತ್ತಲ್ವಾ, ಇಂಥ ಎರಡು ಅಕ್ಷರ ಪಕ್ಕಪಕ್ಕ ಬಂದರೆ ಇಷ್ಟು ಹತ್ತಿರ ಜರುಗಿಸು ಅಂತ ಫಾಂಟಿನೊಳಗೇ ಬರೆದಿಟ್ಟ ಪಟ್ಟಿ. ಕ್ಲಾರೆಂಡನ್ನಿನಲ್ಲಿ ಮೊದಲೆರಡು ಜೋಡಿ ಸರಿ ಇದ್ದವು, ಪಿ ಮತ್ತು ಎ ನಡುವೆ ಮಾತ್ರ ಬಾಗಿಲು ತೆರೆದಿಟ್ಟಂತೆ ಜಾಗ, ಕೈಯಲ್ಲೇ ಜರುಗಿಸಿದೆ. ಮರದ ಅಚ್ಚಿನ ಮೂರು ಫಾಂಟುಗಳಲ್ಲಿ ಕರ್ನಿಂಗ್ ಪಟ್ಟಿಯೇ ಇಲ್ಲ. ಸೊನ್ನೆ. ಕೇಳಿದ್ದಕ್ಕೆ ಹಳೇ ಮರದಚ್ಚು ಹೀಗೇ ಇರುತ್ತಿತ್ತು, ಅದೇ ಅದರ ಸೊಗಸು ಅಂತ ಉತ್ತರ ಬಂತು.

ನಿಜ, ಮರದ ತುಂಡಿಗೆ ಪಟ್ಟಿ ಗಿಟ್ಟಿ ಇರಲಿಲ್ಲ. ಆದರೆ ಆಗಿನ ಮುದ್ರಕರು ಸುಮ್ಮನಿದ್ದರಾ? ದೊಡ್ಡ ಅಕ್ಷರಗಳ ನಡುವೆ ಕಣ್ಣಿಗೆ ಹೊಡೆಯುವ ಜಾಗ ಬಿದ್ದಾಗ ತುಂಡಿನ ಮೂಲೆಯನ್ನೇ ಗರಗಸದಿಂದ ಕೊಯ್ದು ಒಂದನ್ನೊಂದು ಒಳಗೆ ತೂರಿಸುತ್ತಿದ್ದರು. ಅಂದರೆ ಸೋಮಾರಿತನಕ್ಕೆ ಪರಂಪರೆಯ ಹೆಸರು ಕೊಟ್ಟಿದ್ದು ಇವರು, ಅವರಲ್ಲ.

ಮರದಚ್ಚಿನ ಕತೆಯೇ ಚೆನ್ನಾಗಿದೆ, ಎರಡು ನಿಮಿಷ ಹೇಳುತ್ತೇನೆ. ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ಎತ್ತಲಾರದಷ್ಟು ಭಾರ, ಖರ್ಚೂ ಜಾಸ್ತಿ, ಆರುವಾಗ ಮೇಲ್ಮೈ ಏರುಪೇರು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರವನ್ನು ಕೊರೆಯುವ ರೌಟರ್ ಯಂತ್ರ ಮಾಡಿದ, ಮಾರನೇ ವರ್ಷವೇ ಮರದಚ್ಚುಗಳ ಕ್ಯಾಟಲಾಗ್ ಹೊರಬಂತು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಸೇರಿಸಿದ ಮೇಲೆ, ಒಂದೇ ನಮೂನೆಯಿಂದ ಚಿಕ್ಕದು ದೊಡ್ಡದು ಎಲ್ಲ ಅಳತೆಯ ಅಕ್ಷರ ಕೆತ್ತಲು ದಾರಿಯಾಯಿತು. ಪೋಸ್ಟರಿನ ಒಂದೊಂದು ಸಾಲೂ ಹಾಳೆಯ ಈ ಅಂಚಿನಿಂದ ಆ ಅಂಚಿಗೆ ತುಂಬಬೇಕು ಅಂತ, ಪದ ಉದ್ದವಿದ್ದರೆ ಸಪೂರ ಅಕ್ಷರ, ಗಿಡ್ಡವಿದ್ದರೆ ಅಗಲದ ಅಕ್ಷರ ಆರಿಸಿಕೊಳ್ಳುತ್ತಿದ್ದರು. ಹಳೇ ಪೋಸ್ಟರಿನಲ್ಲಿ ಸಾಲಿಗೊಂದು ಫಾಂಟ್ ಕಾಣುವುದಕ್ಕೆ ಇದೊಂದು ದೊಡ್ಡ ಕಾರಣ. ಈಗ ಆ ಕಾರಣ ಇಲ್ಲ, ಆದರೂ ‘ವಿಂಟೇಜ್ ಲುಕ್’ ಬೇಕು ಅಂತ ಒಂದೇ ಬೋರ್ಡಿಗೆ ಆರು ಫಾಂಟ್ ಸುರಿಯುವವರಿದ್ದಾರೆ. ನಾನೂ ಸುರಿದಿದ್ದೇನೆ, ಹಳೇ ಕೆಲಸಗಳನ್ನು ತೆಗೆದು ನೋಡಿದರೆ ನಾಚಿಕೆಯಾಗುತ್ತದೆ.

ಲೇಯರ್ ಫಾಂಟ್. ಇದು ಈ ಕಟ್ಟಿನ ರಾಜ, ತಲೆನೋವೂ ಇದೇ. ಇದರ ಅಜ್ಜ ಕೂಡ ಮರದಚ್ಚೇ: ಒಂದು ಅಕ್ಷರಕ್ಕೆ ಎರಡು ಮೂರು ತುಂಡು, ಒಂದೊಂದಕ್ಕೆ ಒಂದೊಂದು ಬಣ್ಣ, ಒಂದರ ಮೇಲೊಂದು ಅಚ್ಚೊತ್ತಿದರೆ ಬಣ್ಣಬಣ್ಣದ ಅಕ್ಷರ. ಅಮೆರಿಕದ ವಿಲಿಯಂ ಪೇಜ್ ಕಂಪನಿ 1874ರಲ್ಲಿ ಹೊರತಂದ ಇಂಥ ಬಣ್ಣದ ಅಚ್ಚುಗಳ ನಮೂನೆ ಪುಸ್ತಕ ಈಗಲೂ ಡಿಸೈನರುಗಳಿಗೆ ಗಣಿ ಇದ್ದಂತೆ. ಅಡೋಬಿ 1994ರಲ್ಲಿ ತಂದ ರೋಸ್‌ವುಡ್ ಫಾಂಟೂ ಅದರಲ್ಲಿನ ಒಂದು ಅಕ್ಷರದಿಂದಲೇ ಬಂದದ್ದು. ನನ್ನ ಕಟ್ಟಿನಲ್ಲಿರುವುದಕ್ಕೆ ಐದು ಲೇಯರ್: ತುಂಬು ಅಕ್ಷರ, ಅಂಚು, ಒಳಗೆರೆ, ಎಲೆಬಳ್ಳಿಯ ಕೆತ್ತನೆ, ನೆರಳು. ಒಂದೇ ಪದವನ್ನು ಐದು ಸಲ ಟೈಪ್ ಮಾಡಿ, ಐದಕ್ಕೂ ಒಂದೊಂದು ಲೇಯರ್ ಫಾಂಟ್ ಕೊಟ್ಟು, ಒಂದೇ ಜಾಗದಲ್ಲಿ ಪೇರಿಸಬೇಕು.

ಪೇರಿಸಿದೆ. ಮೊದಲ ಅಕ್ಷರ ಕರೆಕ್ಟಾಗಿ ಕೂತಿತು. ಎರಡನೆಯದರಲ್ಲಿ ನೆರಳು ಕೂದಲೆಳೆಯಷ್ಟು ಬಲಕ್ಕೆ. ಮೂರನೆಯದರಲ್ಲಿ ಇನ್ನಷ್ಟು. ಕೊನೆಯ ಎಚ್ ಹೊತ್ತಿಗೆ ಎತ್ತು ಏರಿಗೆ, ಕೋಣ ನೀರಿಗೆ. ಅಕ್ಷರ ಒಂದು ಕಡೆ, ಅದರ ನೆರಳು ಪಕ್ಕದ ಮನೆಯಲ್ಲಿ. ಅರ್ಧ ದಿನ ನನ್ನದೇ ಏನೋ ಸೆಟ್ಟಿಂಗ್ ತಪ್ಪು ಅಂತ ತಲೆ ಕೆರೆದುಕೊಂಡೆ. ಆಮೇಲೆ ಕರ್ನಿಂಗ್ ಆಫ್ ಮಾಡಿ ನೋಡಿದರೆ ಐದೂ ಸರಿಯಾಗಿ ಕೂತವು! ವಿಷಯ ಇಷ್ಟೇ, ಉಳಿದ ನಾಲ್ಕು ಲೇಯರುಗಳಲ್ಲಿ ಕರ್ನಿಂಗ್ ಪಟ್ಟಿ ಇದೆ, ನೆರಳಿನ ಲೇಯರಿಗೆ ಅದನ್ನು ಹಾಕೋಕೆ ಮರೆತಿದ್ದಾರೆ. ಡಬ್ಲ್ಯೂ, ಎ, ಟಿ ಒಂದರ ಪಕ್ಕ ಒಂದು ಬರುವ ನಮ್ಮ ಪದದಲ್ಲಿ ಅದು ಎದ್ದು ಕಂಡಿತು. ಅಕ್ಷರಗಳೆಲ್ಲ ನೆಟ್ಟಗೆ ನಿಂತಿರುವ ಪದವಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲವೋ ಏನೋ. ಪ್ರಿವ್ಯೂ ಚಿತ್ರದ ಪದವನ್ನು ತಿರುಗಿ ನೋಡಿದೆ, ಹೌದು, ಎಲ್ಲ ನೆಟ್ಟಗಿನ ಅಕ್ಷರಗಳೇ. ಬೇಕಂತಲೇ ಮಾಡಿದ್ದಲ್ಲ ಅಂತ ನಂಬೋಣ.

ಮೇಲ್ ಹಾಕಿದೆ. 11 ದಿನ ಉತ್ತರವಿಲ್ಲ. 12ನೇ ದಿನ ಒಂದೇ ಸಾಲಿನ ಕ್ಷಮೆ, ಜೊತೆಗೆ ಸರಿಮಾಡಿದ ಫೈಲು. ತಡವಾದರೂ ಸರಿಮಾಡಿದರು, ಅದಕ್ಕೆ ಅರ್ಧ ಸ್ಟಾರ್ ವಾಪಸ್. ಸರಿಯಾದ ಮೇಲೆ ಮಾತ್ರ ಈ ಫಾಂಟ್ ನಿಜಕ್ಕೂ ಖುಷಿ ಕೊಟ್ಟಿತು. ಐದೂ ಲೇಯರ್ ಬೇಕಿಲ್ಲ, ತುಂಬು ಅಕ್ಷರ ಮತ್ತು ನೆರಳು ಎರಡೇ ಹಾಕಿದರೂ ಅಕ್ಷರ ಬೋರ್ಡಿನಿಂದ ಎದ್ದು ಬಂದಂತೆ ಕಾಣುತ್ತದೆ. ಎಲೆಬಳ್ಳಿಯ ಲೇಯರನ್ನು ದೂರದಿಂದ ನೋಡಿದರೆ ಕೊಳೆ ಹಿಡಿದಂತೆ ಕಾಣುತ್ತದೆ, ಅದನ್ನು ಕಾರ್ಡಿಗೆ ಇಟ್ಟುಕೊಳ್ಳಿ.

ಇನ್ನು ‘ಸವೆದ’ ಆವೃತ್ತಿಗಳು. ಮಸಿ ಸರಿಯಾಗಿ ಹತ್ತದಂತೆ, ಗೀರು ಬಿದ್ದಂತೆ ಕಾಣುವವು. ನನಗೆ ಇವುಗಳ ಮೇಲೆ ಹಳೇ ಸಿಟ್ಟಿದೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಯೇ ತಗೊಳ್ಳಿ. ನಮ್ಮ ಎರಡು ಪದಗಳಲ್ಲಿ ಎ ಎರಡು ಸಲ ಬರುತ್ತದೆ, ಆರ್ ಎರಡು ಸಲ. ಎರಡೂ ಎ ಅಕ್ಷರದ ಎಡಗಾಲಿನಲ್ಲಿ ಅದೇ ಗೀರು, ಅದೇ ಉದ್ದ, ಅದೇ ಓರೆ. ಎರಡೂ ಆರ್ ಅಕ್ಷರದ ಹೊಟ್ಟೆಯಲ್ಲಿ ಅದೇ ಚುಕ್ಕಿ. ಒಮ್ಮೆ ಕಣ್ಣಿಗೆ ಬಿತ್ತೋ ಮುಗೀತು, ಆಮೇಲೆ ಅದೊಂದೇ ಕಾಣುತ್ತದೆ. ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪ ಬರೆದು, ಪದದಲ್ಲಿ ಎರಡನೇ ಸಲ ಬಂದಾಗ ಬೇರೆ ರೂಪ ತಾನೇ ಬರುವಂತೆ ಓಪನ್‌ಟೈಪ್ (ಈಗಿನ ಫಾಂಟ್ ಫೈಲುಗಳ ಒಂದು ಮಾದರಿ) ಫಾಂಟಿನೊಳಗೆ ನಿಯಮ ಬರೆಯಬಹುದು. ಇದರಲ್ಲಿ ಒಂದೇ ರೂಪ.

ಸಾಲದ್ದಕ್ಕೆ ಕಟ್ಟಿಂಗ್ ಪ್ಲಾಟರಿನ, ಅಂದರೆ ವಿನೈಲ್ ಕತ್ತರಿಸುವ ಯಂತ್ರದ, ಪಾಡು. ಕ್ಲಾರೆಂಡನ್ನಿನ ಒಂದು ಆರ್ ಅಕ್ಷರದಲ್ಲಿ ಕೆಲವೇ ಡಜನ್ ‘ನೋಡ್’, ಅಂದರೆ ಗೆರೆಯ ಆಕಾರ ಹಿಡಿದಿಡುವ ಬಿಂದುಗಳಿದ್ದರೆ, ಸವೆದ ಆರ್ ಅಕ್ಷರದಲ್ಲಿ ಸಾವಿರಕ್ಕೂ ಜಾಸ್ತಿ. ಸುಮ್ನೆ ನೋಡೋಣ ಅಂತ ಒಂದು ಅಕ್ಷರ ಕಟ್ ಮಾಡಲು ಕೊಟ್ಟೆ. ಬ್ಲೇಡು ಇರುವೆ ನಡೆದಂತೆ ನಡೆಯಿತು, ಅಕ್ಕಿಕಾಳಿಗಿಂತ ಸಣ್ಣ ಚೂರುಗಳು ವಿನೈಲಿನಿಂದ ಎದ್ದು ಬ್ಲೇಡಿಗೇ ಸುತ್ತಿಕೊಂಡವು, ಉಳಿದವನ್ನು ಚಿಮಟದಲ್ಲಿ ಕಿತ್ತು ಕಿತ್ತು ಕಣ್ಣು ನೋವು. ಸವೆದ ಫಾಂಟ್ ಬೇಕೇ ಬೇಕಿದ್ದರೆ ಪ್ರಿಂಟಿಗೆ ಮಾತ್ರ. ಕತ್ತರಿಸುವ ಕೆಲಸಕ್ಕೆ ಶುದ್ಧ ಅಕ್ಷರವೇ ಸರಿ. ಬಿಸಿಲು ಮಳೆ ಎರಡು ವರ್ಷದಲ್ಲಿ ಅದನ್ನು ತಾವೇ ಸವೆಸುತ್ತವೆ, ಪುಕ್ಕಟೆ.

ಬ್ರಶ್ ಅಕ್ಷರಗಳಲ್ಲಿ ಒಂದು ಚೆನ್ನಾಗಿದೆ, ಇನ್ನೊಂದು ಕೈ ನಡುಗಿದಂತಿದೆ. ಚೆನ್ನಾಗಿರುವುದರಲ್ಲಿ ಪದದ ಕೊನೆಯಿಂದ ಹೊರಟು ಕೆಳಗೆ ಸುತ್ತಿಕೊಂಡು ಬರುವ ಬಾಲಗಳಿವೆ, ಆರೇಳು ಥರದವು. ಆದರೆ ಅವು ಎಲ್ಲಿವೆ ಅಂತ ಹುಡುಕಬೇಕು. ಓಪನ್‌ಟೈಪ್‌ನಲ್ಲಿ ‘ಸ್ಟೈಲಿಸ್ಟಿಕ್ ಸೆಟ್’ ಅಂತ 20 ಖಾನೆಗಳಿಗೆ ಜಾಗ ಇದೆ, ಇವರು ಬಾಲಗಳನ್ನು ಆ ಖಾನೆಗಳಲ್ಲಿ ಇಟ್ಟಿದ್ದಾರೆ, ಯಾವುದು ಎಲ್ಲಿ ಅಂತ ತಿಳಿಸುವ ಒಂದು ಪುಟ ಬರೆದಿಲ್ಲ. ಇಲಸ್ಟ್ರೇಟರಿನಲ್ಲಿ ಫಾಂಟಿನ ಎಲ್ಲ ಅಕ್ಷರರೂಪಗಳನ್ನು (ಗ್ಲಿಫ್) ತೋರಿಸುವ ಗ್ಲಿಫ್ಸ್ ಪ್ಯಾನೆಲ್ ತೆರೆದು ಒಂದೊಂದಾಗಿ ಕಣ್ಣಲ್ಲೇ ಹೆಕ್ಕಿದೆ. ಓಪನ್‌ಟೈಪ್ ಸೌಲಭ್ಯ ಇಲ್ಲದ ಸಾಫ್ಟ್‌ವೇರ್ ನಿಮ್ಮದಾಗಿದ್ದರೆ ಆ ಬಾಲಗಳು ಇದ್ದೂ ಇಲ್ಲದಂತೆ, ಕೊಳ್ಳುವ ಮೊದಲು ವಿಚಾರಿಸಿಕೊಳ್ಳಿ. ಇನ್ನೆರಡು ಸಣ್ಣ ಮಾತು. ಕೂಡಕ್ಷರದ ಫಾಂಟಿನಲ್ಲಿ ಎಲ್ಲ ಕ್ಯಾಪಿಟಲ್ ಹಾಕಬೇಡಿ, ತಲೆಬುಡ ಗೊತ್ತಾಗುವುದಿಲ್ಲ, ಅಕ್ಷರಗಳ ನಡುವೆ ಜಾಗ ಹೆಚ್ಚಿಸಬೇಡಿ, ಕೈ ಹಿಡಿದುಕೊಂಡ ಅಕ್ಷರಗಳು ಕೈಬಿಡುತ್ತವೆ. ಕಟ್ ಮಾಡಿಸುವ ಮೊದಲು ಔಟ್‌ಲೈನ್ ಮಾಡಿ (ಅಕ್ಷರವನ್ನು ಬರೀ ಗೆರೆಗಳ ಚಿತ್ರವಾಗಿಸಿ) ಎಲ್ಲವನ್ನೂ ಯುನೈಟ್ ಮಾಡಿ, ಅಂದರೆ ಒಂದೇ ಆಕಾರವಾಗಿ ಬೆಸೆಯಿರಿ. ಇಲ್ಲದಿದ್ದರೆ ಒಂದಕ್ಷರದ ಬಾಲ ಇನ್ನೊಂದರ ಮೇಲೆ ಹಾಯುವ ಕಡೆಯೆಲ್ಲ ಪ್ಲಾಟರ್ ಅಡ್ಡಡ್ಡ ಕೊಯ್ದು ಹಾಕುತ್ತದೆ.

ಡೆಕೋ ಫಾಂಟ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. 1927ರಲ್ಲಿ ಮಾರಿಸ್ ಫುಲ್ಲರ್ ಬೆಂಟನ್ ಮಾಡಿದ ಬ್ರಾಡ್‌ವೇ ಫಾಂಟಿನ ದೂರದ ಸಂಬಂಧಿಯಂತಿದೆ. ನಾಟಕದ ಕರಪತ್ರಕ್ಕೆ ಸೈ, ವಾಚ್ ಅಂಗಡಿಗೆ ಅಲ್ಲ.

ಅಂಕಿಗಳು! ಇದನ್ನು ಯಾರೂ ನೋಡುವುದೇ ಇಲ್ಲ, ನೋಡಬೇಕಾದದ್ದು ಇದನ್ನೇ. 12ರಲ್ಲಿ ಎರಡು ಫಾಂಟುಗಳಲ್ಲಿ ಅಂಕಿಯೇ ಇಲ್ಲ. ಬರೀ ಕ್ಯಾಪಿಟಲ್ ಅಕ್ಷರ, ಒಂದು ಫುಲ್‌ಸ್ಟಾಪು. ಇನ್ನೊಂದರಲ್ಲಿ 1 ಮತ್ತು ಇಂಗ್ಲಿಷಿನ ಐ ಅಕ್ಷರ ಪಡಿಯಚ್ಚು, ಮತ್ತೊಂದರಲ್ಲಿ 3, 8 ಎರಡಕ್ಕೂ ಅಷ್ಟು ಸುರುಳಿ ಕೊಟ್ಟಿದ್ದಾರೆ ಅಂದರೆ ಗಿರಾಕಿ ಫೋನ್ ಮಾಡಿದರೆ ಯಾರ ಮನೆಗೆ ಹೋಗುತ್ತದೋ ದೇವರೇ ಬಲ್ಲ. ಫೋನ್ ನಂಬರಿಗೆ ನಾನು ಈ ಕಟ್ಟಿನ ಯಾವುದನ್ನೂ ಮುಟ್ಟಲಿಲ್ಲ, ಅಲಂಕಾರವಿಲ್ಲದ ಸಾದಾ ಫಾಂಟ್ ಹಾಕಿದೆ. ಅಕ್ಷರ ತಪ್ಪಾದರೆ ಜನ ಊಹಿಸಿ ಓದುತ್ತಾರೆ, ನಂಬರನ್ನು ಊಹಿಸೋಕಾಗಲ್ಲ.

ಕನ್ನಡ ಸಾಲಿನ ಕತೆ ನೀವೇ ಊಹಿಸಿರುತ್ತೀರಿ. ಕಟ್ಟಿನಲ್ಲಿ ಕನ್ನಡ ಇಲ್ಲ, ಇರುತ್ತದೆ ಅಂತ ಅವರೂ ಹೇಳಿರಲಿಲ್ಲ. ಒಂದು ಕನ್ನಡ ಫಾಂಟಿಗೆ ನಾನೇ ಅದೇ ಥರದ ನೆರಳು ಹಾಕಿ ಜೋಡಿ ಮಾಡಲು ಹೋದೆ, ಒತ್ತಕ್ಷರದ ನೆರಳು ಕೆಳಗಿನ ಸಾಲಿಗೆ ತಗುಲಿ, ಕೊಂಬಿನ ನೆರಳು ಪಕ್ಕದ ಅಕ್ಷರಕ್ಕೆ ತಗುಲಿ, ಎಲ್ಲ ಗೋಜಲಾಯಿತು. ನಮ್ಮ ಲಿಪಿಗೆ ಮೇಲೆ ತಲೆಕಟ್ಟು, ಕೆಳಗೆ ಒತ್ತು, ಎರಡೂ ಕಡೆ ಉಸಿರಾಡೋಕೆ ಜಾಗ ಬೇಕು, ಇಂಗ್ಲಿಷ್ ಕ್ಯಾಪಿಟಲಿಗೆ ಮಾಡಿದ ನೆರಳನ್ನು ಹಾಗೇ ತಂದು ಹಾಕಿದರೆ ಕೂರುವುದಿಲ್ಲ. ಕೊನೆಗೆ ಎಕ್ ಟೈಪ್ ಅನ್ನುವ ಫಾಂಟ್ ತಯಾರಕರ ‘ಬಲೂ ತಮ್ಮ’ ಅನ್ನುವ ಕನ್ನಡ ಫಾಂಟ್ ಹಾಕಿದೆ. ದುಂಡಗೆ, ದಪ್ಪಗೆ, ಮುಕ್ತ ಪರವಾನಗಿಯದು, ಪುಕ್ಕಟೆ. ನೆರಳಿಲ್ಲದೆ ಒಂದೇ ಬಣ್ಣದಲ್ಲಿ ಇಟ್ಟರೂ ಮೇಲಿನ ಅಲಂಕಾರದ ಪದದ ಭಾರ ಹೊತ್ತು ನಿಲ್ಲುತ್ತದೆ. ಹಳೇ ಅಚ್ಚಿನ ಸ್ವಭಾವ ಅದಕ್ಕಿಲ್ಲ, ಒಪ್ಪುತ್ತೇನೆ. ಓದೋಕೆ ಬರುತ್ತದೆ.

ಪುಕ್ಕಟೆಯ ಮಾತು ಬಂದಿದ್ದಕ್ಕೆ: ದುಡ್ಡು ಕೊಡುವ ಮೊದಲು ಗೂಗಲ್ ಫಾಂಟ್ಸ್‌ನಲ್ಲಿ ಬಂಜೀ ನೋಡಿ. ಡೇವಿಡ್ ಜೊನಾಥನ್ ರಾಸ್ ಬೋರ್ಡುಗಳಿಗೆ ಅಂತಲೇ ಮಾಡಿದ್ದು, ಅದೂ ಲೇಯರ್ ಫಾಂಟೇ, ಲೇಯರುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಪೇರಿಸಿ ಬರೆಯೋಕೂ ಬರುತ್ತದೆ. ಫ್ಯಾಟ್ ಫೇಸ್ ಬೇಕಿದ್ದರೆ ಅಬ್ರಿಲ್ ಫ್ಯಾಟ್‌ಫೇಸ್, ಮರದಚ್ಚಿನ ರುಚಿ ಬೇಕಿದ್ದರೆ ರೈ. ನಾನು ಕೊಂಡ ಕಟ್ಟಿನ ಆ 5 ದಂಡದ ಫಾಂಟುಗಳಿಗಿಂತ ಈ ಮೂರೂ ವಾಸಿ. ಕ್ಲಾರೆಂಡನ್ನು, ಆ ಲೇಯರ್ ಫಾಂಟು, ಬಾಲದ ಬ್ರಶ್ ಅಕ್ಷರ, ಆಭರಣದ ಫಾಂಟು, ಇವು ನಾಲ್ಕಕ್ಕೆ ಸಾಟಿಯಾಗುವಂಥದ್ದು ಮಾತ್ರ ಪುಕ್ಕಟೆಯಲ್ಲಿ ನನಗೆ ಸಿಗಲಿಲ್ಲ.

ಲೈಸೆನ್ಸ್ ಓದಿ. ಬೋರಿಂಗು ಅಂತ ಗೊತ್ತು, ಆದರೂ. ಇದರಲ್ಲಿ ಡೆಸ್ಕ್‌ಟಾಪ್ ಲೈಸೆನ್ಸಿಗೆ ಬೋರ್ಡು, ಲೋಗೋ, ಪ್ರಿಂಟು ಎಲ್ಲ ಬರುತ್ತದೆ, ವೆಬ್‌ಸೈಟಿಗೂ ಆ್ಯಪಿಗೂ ಬೇರೆ. ಅಕ್ಷರಗಳನ್ನೇ ಸ್ಟಿಕ್ಕರಾಗಿ ಮಾರುವುದಕ್ಕೆ ಮತ್ತೂ ಬೇರೆ. ಕಟ್ಟಿಂಗ್ ಮಾಡುವವರಿಗೆ ಫಾಂಟ್ ಫೈಲ್ ಕಳಿಸುವಂತಿಲ್ಲ. ಔಟ್‌ಲೈನ್ ಮಾಡಿದ ಚಿತ್ರ ಕಳಿಸಿ, ಹಾಗೆ ಮಾಡಿದರೆ ಅವರ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರ ಬದಲಾಗಿ ಇನ್ನೇನೋ ಆಗುವ ಭಯವೂ ಇಲ್ಲ.

ಬೋರ್ಡು ಕೊನೆಗೆ ಹೀಗಾಯಿತು: ‘ವಾಚ್’ ಮಾತ್ರ ಲೇಯರ್ ಫಾಂಟಿನಲ್ಲಿ, ಎರಡೇ ಲೇಯರ್. ‘ರಿಪೇರ್’ ಕ್ಲಾರೆಂಡನ್ನಿನಲ್ಲಿ. ಕನ್ನಡ, ನಂಬರು ಹೇಳಿದೆನಲ್ಲ. ಗೆಳೆಯನಿಗೆ ಒಂದು ಮೂಲೆಯಲ್ಲಿ ‘ಸ್ಥಾಪನೆ’ ಅಂತ ಹಾಕಿ ಯಾವುದಾದರೂ ಹಳೇ ಇಸವಿ ಬರೆಸುವ ಆಸೆ. ಅಂಗಡಿ ತೆರೆದು ಎರಡು ವರ್ಷವಾಗಿಲ್ಲ. ‘ಅಕ್ಷರ ಹಳೇದಾದರೆ ಸಾಕು ಕಣೋ, ಸುಳ್ಳೂ ಯಾಕೆ’ ಅಂದೆ, ಮುಖ ಸಪ್ಪೆ ಮಾಡಿಕೊಂಡು ಒಪ್ಪಿದ. ಆ ಮೂಲೆಗೆ ಆಭರಣದ ಫಾಂಟಿನಿಂದ ಒಂದು ಜೇಬುಗಡಿಯಾರ ಹಾಕಿದೆ. ರೋಮನ್ ಅಂಕಿ, ಸರಪಳಿ, ಮುದ್ದಾಗಿತ್ತು.

ಪ್ರಿಂಟ್ ಹಿಡಿದುಕೊಂಡು ಹೋದಾಗ ಅಪ್ಪ ಕಣ್ಣಿಗೆ ಆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೂತಿದ್ದರು, ಅದೇ ಗನ್ನಡಿಯಲ್ಲಿ ಬಗ್ಗಿ ನೋಡಿದರು. ‘ಇದನ್ನು ಬರೆದವನು ಗಡಿಯಾರ ಬಿಚ್ಚಿದವನಲ್ಲ’ ಅಂದರು. ನಾಲ್ಕರ ಜಾಗದಲ್ಲಿ ಒಂದು ಕಡ್ಡಿ, ಪಕ್ಕದಲ್ಲಿ ವಿ ಇತ್ತು. ಪುಸ್ತಕದಲ್ಲಿ ಬರೆಯುವುದು ಹಾಗೆಯೇ, ಆದರೆ ಗಡಿಯಾರದ ಮುಖದ ಮೇಲೆ ನಾಲ್ಕಕ್ಕೆ ಸಾಮಾನ್ಯವಾಗಿ ನಾಲ್ಕು ಕಡ್ಡಿಯನ್ನೇ ಹಾಕುತ್ತಾರೆ. ಕಪಾಟು ತೆಗೆದು ಮೂರು ಹಳೇ ಗಡಿಯಾರ ಮುಂದಿಟ್ಟರು, ಮೂರರಲ್ಲೂ ನಾಲ್ಕು ಕಡ್ಡಿ. ಮನೆಗೆ ಬಂದು ಆ ಗ್ಲಿಫನ್ನು ಔಟ್‌ಲೈನ್ ಮಾಡಿ, ವಿ ಕಿತ್ತುಹಾಕಿ, ಕಡ್ಡಿಯನ್ನು ಮೂರು ಸಲ ಕಾಪಿ ಮಾಡಿ, ಒಂದೊಂದನ್ನೂ ನಡುವಿನ ಕಡೆಗೆ ಓರೆ ತಿರುಗಿಸಿ ಕೂರಿಸಿದೆ. ಬೋರ್ಡಿನಲ್ಲಿ ಅದು ಹೆಬ್ಬೆರಳಷ್ಟು ದೊಡ್ಡದು, ರಸ್ತೆಯಿಂದ ಯಾರಿಗೂ ಕಾಣುವುದಿಲ್ಲ.